ಇಲಿಗಳ ಗಾದಿ

ಡಾಕ್ಟರ್ ಹರಿಣಿ ತನ್ನ ತಪ್ಪನ್ನು ಒಪ್ಪಿಕೊಳ್ಳುವವರ ಪೈಕಿ ಅಲ್ಲ. ಮುಂಬೈನ ಪವಾಯಿಯ ಪ್ರಯೋಗಾಲಯವೊಂದರಲ್ಲಿ ಇಲಿ ನೋಡಿಕೊಳ್ಳುವ ಪರಪ್ಪ ಮೂರೇ ತಿಂಗಳಲ್ಲಿ ಇಷ್ಟನ್ನು ಕಂಡುಕೊಂಡಿದ್ದ. ಈಗ ಅವಳು ಪಂಜರದಿಂದ ಅಂಗೈಯಗಲದ ದಪ್ಪ ಹಾಸಿಗೆಯೊಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದಳು.

ಹರಿಣಿ: ನಾನು ಇಲಿಗೆ ಹಾಸಿಗೆ ಹಾಸ್ಲಿಕ್ಕೆ ಹೇಳಿದ್ದಾ?

ಪರಪ್ಪ: ‘ಇಲಿ ನಡಿಯೂದು ನೋಡಿ, ಗಾದಿ ಸವದದೋ ಇಲ್ಲೋ ವಾರಕ್ಕೊಮ್ಮೆ ಬರೀರಿ’ ಅಂದ್ರಿ. ನೋಡಿದ್ರ ಗಾದೀನ ಇದ್ದಿದ್ದಿಲ್ಲ. ಇಲ್ಲದ್ದು ಹ್ಯಾಂಗ ಸವೀತದ್ರಿ? ನಮ್ಮ ಮನ್ಯಾಕಿ ಕಾಶವ್ವ ಹಳೇ ಕೌದಿ ಹರದು ಹನ್ನೆರಡು ಹೊಲದು ಕೊಟ್ಟಳು.

ಮುಂಬೈನ ಮುಲುಂಡಿನಲ್ಲೇ ಬೆಳೆದ ಉಡುಪಿಯವರ ಮಗಳು ಹರಿಣಿಗೆ, ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆಗೆ ಮರಾಠಿಯವರು ಅನ್ನುವ ಮಾತೇ ಬಾಯಿಗೆ ಬಂದಿತ್ತು: ಗಾದಿ. ವಿಜಯಪುರದ ಪರಪ್ಪನಿಗೆ ಗಾದಿ ಎಂದರೆ ಮಲಗುವಂಥದ್ದು. ಹರಿಣಿ ಬಿಡಿಸಿ ಹೇಳಿದಳು: ಇಲಿ ಮನುಷ್ಯನಂತೆ ಎರಡು ಕಾಲಲ್ಲಿ ನಿಂತರೆ ಬೆನ್ನಿಗೆ ಭಾರ ಬಿದ್ದು ಮೆತ್ತೆ ಸವೆಯುತ್ತದೆ, ನೀರಿನ ಬಾಟಲಿಯನ್ನು ಎತ್ತರಕ್ಕೆ ಕಟ್ಟಿಸಿದ್ದು ಅದಕ್ಕೇ, ಸವೆದ ಮೇಲೆ ಔಷಧ ಕೊಟ್ಟು ನೋಡುವುದು.

ಪರಪ್ಪ: ನೀರು ಎಟಕತಿದ್ದಿಲ್ರಿ, ಪಾಪ. ಈಗ ಗಾದಿ ಮ್ಯಾಲ ಕುಂತು ಆರಾಮ ಕುಡೀತಾವ.

ಹರಿಣಿ: ಎಂಟು ವಾರ ಒಂದು ಇಲಿಯೂ ನಿಂತಿಲ್ಲ ಮಾರಾಯ. ಸ್ಕ್ಯಾನ್‌ನಲ್ಲಿ ಎಲ್ಲದರ ಬೆನ್ನೂ ಗಟ್ಟಿ ಉಂಟು.

ಪರಪ್ಪ: ಛಲೋ ಆತಲ್ರಿ.

ಹರಿಣಿ: ನಾಳೆ ಪ್ರಯೋಗ ನೋಡ್ಲಿಕ್ಕೆ ಕಮಿಟಿ ಬರ್ತದೆ. ನಿಮ್ಮ ಕೆಲಸ ಹೋಯ್ತು ಅಂತ್ಲೇ ತಿಳ್ಕೊಳ್ಳಿ.

ಸಾಕ್ಷಿಗೆಂದು ಅವಳು ರಿಜಿಸ್ಟರ್ ತೆರೆದಳು. ಎಂಟು ವಾರವೂ ಪರಪ್ಪನ ದುಂಡನೆಯ ಅಕ್ಷರ: ‘ಗಾದಿ ಸವದದ.’ ಪ್ರತಿಯೊಂದರ ಕೆಳಗೂ ಹರಿಣಿಯ ಸಹಿ. ಪ್ರಯೋಗ ಫಲಿಸುತ್ತಿದೆ ಎಂದು ಅವಳು ಅಷ್ಟನ್ನೂ ಕಮಿಟಿಗೆ ಕಳಿಸಿದ್ದಳು.

ಹರಿಣಿ: ಈ ಹಾಸಿಗೆ ಸವೆದದ್ದನ್ನು ಬರೆದದ್ದಾ?

ಪರಪ್ಪ: ಕಡದ ಚಿಂದಿ ಮಾಡ್ತಾವ್ರಿ. ನೀವು ‘ವೆರಿ ಗುಡ್’ ಅಂದು ಸಹಿ ಹಾಕತಿದ್ರಿ. ಮೇಡಂಗ ಇಲಿ ಮ್ಯಾಲ ಭಾಳ ಜೀವ ಅಂತ ಕಾಶವ್ವನ ಮುಂದ ಹೇಳೀನ್ರಿ.

ಹರಿಣಿ ಕಂಪ್ಯೂಟರಿನ ಮುಂದೆ ಕೂತು ಕಮಿಟಿಗೆ ಪತ್ರ ಹೊಡೆಯತೊಡಗಿದಳು. ಪರಪ್ಪ ಬೆನ್ನ ಹಿಂದೆ ನಿಂತ. ಇಂಗ್ಲಿಷಿನಲ್ಲಿ ಅವನಿಗೆ ಗುರುತು ಸಿಗುವುದು ತನ್ನ ಹೆಸರೊಂದೇ. ಅದು ಮೊದಲ ಸಾಲಿನಲ್ಲೇ ಇತ್ತು. ಊರಿಗೆ ಏನು ಹೇಳುವುದೆಂದು ಅವನು ಆಗಲೇ ಲೆಕ್ಕ ಹಾಕುತ್ತಿದ್ದ.

ಅವಳು ರಿಜಿಸ್ಟರಿನಲ್ಲಿದ್ದ ತನ್ನ ಸಹಿಗಳತ್ತ ಇನ್ನೊಮ್ಮೆ ನೋಡಿದಳು. ಆಮೇಲೆ ಹೆಸರಿನ ಅಕ್ಷರಗಳು ಹಿಂದಿನಿಂದ ಒಂದೊಂದಾಗಿ ಅಳಿಸಿಹೋದವು. ಆ ಜಾಗದಲ್ಲಿ ಬೇರೆ ಅಕ್ಷರಗಳು ಬಂದವು. ಪರಪ್ಪ ಬಗ್ಗಿ ಅವನ್ನು ಅವಳ ಬಿಳಿ ಕೋಟಿನ ಮೇಲಿನ ಹೆಸರಿನ ಬಿಲ್ಲೆಯೊಂದಿಗೆ ಹೋಲಿಸಿ ನೋಡಿದ. ಎರಡೂ ಒಂದೇ.

ಪರಪ್ಪ: ಮೇಡಂ, ತಪ್ಪಿ ನಿಮ್ಮ ಹೆಸರು ಬಂದದ್ರಿ.

ಹರಿಣಿ: ಇರ್ಲಿ.

ಪತ್ರ ಹೊರಟುಹೋಯಿತು.