ತೆಂಗಿನಕಾಯಿ ಟ್ರೈಲರಿನ ವಿಮಾನಯಾನ

ಸಮಾಜವನ್ನು ಮೇಲೆತ್ತಬೇಕೆಂಬುದು ಕಾಲೇಜಿನ ಚರ್ಚಾಸ್ಪರ್ಧೆಗಳ ಕಾಲದಿಂದಲೂ ನನ್ನ ಅಚಲ ಸಂಕಲ್ಪ. ಆದ್ದರಿಂದ ಅಣ್ಣನ ಮಗಳು ಕಾವ್ಯ ಪೈಲಟ್ ಆಗುತ್ತೇನೆಂದಾಗ ಸೋಲೂರಿನಲ್ಲಿ ಮೊದಲು ಚಪ್ಪಾಳೆ ತಟ್ಟಿದವನು ನಾನೇ. ಆದರೆ ಹಾರಾಟದ ಯೋಜನೆ ಮತ್ತು ಲೆಕ್ಕಾಚಾರದ ಪತ್ರಿಕೆಯಲ್ಲಿ ಅವಳು ಒಮ್ಮೆ ಫೇಲಾದಳು. ಮರುಪರೀಕ್ಷೆಯೂ ಕೈಕೊಟ್ಟರೆ ತರಬೇತಿ ಬಿಡಿಸಿ ಮದುವೆ ಮಾಡುವುದಾಗಿ ಅಣ್ಣ ಘೋಷಿಸಿದ. ಅಂದರೆ ಒಂದು ಹೆಣ್ಣುಮಗಳ ಆಕಾಶವೇ ನನ್ನ ಪಾಠವನ್ನು ಅವಲಂಬಿಸಿತ್ತು!

"ಈ ಭಾರಕೇಂದ್ರ ಒಂದು ತಲೆಗೇ ಹತ್ತುತ್ತಿಲ್ಲ ಚಿಕ್ಕಪ್ಪ," ಎಂದಳು ಕಾವ್ಯ. "ಹೊರಡುವಾಗ ಸರಿಯಾಗೇ ಇರುತ್ತೆ. ಇಂಧನ ಉರಿದ ಮೇಲೆ ಯಾಕೆ ಹಿಂದಕ್ಕೆ ಜರುಗುತ್ತೆ?"

ಪುಸ್ತಕ ತೆರೆದೆ, ರೋಮಾಂಚನಗೊಂಡೆ. ನಮ್ಮ ತೋಟದ ಮೇಲೆ ದಿನವೂ ಗುಡುಗುತ್ತ ಸಾಗುವ ಆ ಲೋಹದ ಬೆಟ್ಟಕ್ಕೆ, ಯಾವ ಭಾರ ಎಲ್ಲಿ ಕೂತಿದೆ ಎಂಬುದೂ ಮುಖ್ಯವಂತೆ! ಭಾರ ತೀರಾ ಹಿಂದಾದರೆ ಮೂತಿ ತಾನಾಗಿಯೇ ಮೇಲೇಳುತ್ತದಂತೆ. ಇಂಥ ಮಹತ್ತರ ಸತ್ಯವನ್ನು ಕಣ್ಣಾರೆ ತೋರಿಸುವುದು ನನ್ನ ಕರ್ತವ್ಯವೆನಿಸಿತು.

ನೆರೆಮನೆಯ ರಂಗಣ್ಣ, ನನ್ನ ಬಾಲ್ಯದ ಗೆಳೆಯ, ಟ್ರಾಕ್ಟರಿನಿಂದ ಕಳಚಿದ ಎರಡು ಚಕ್ರದ ಟ್ರೈಲರನ್ನು ನಮ್ಮ ಕೊಟ್ಟಿಗೆಯ ಮುಂದೆ, ಮೂತಿಗೆ ಕಲ್ಲು ಕೊಟ್ಟು ನಿಲ್ಲಿಸಿದ್ದ. ತುಂಬ ತೆಂಗಿನಕಾಯಿ. ಅದೇ ವಿಮಾನವಾಯಿತು!

"ಮುಂದಿನ ಕಾಯಿಗಳು ಇಂಧನ. ಹಿಂದಿನವು ಪ್ರಯಾಣಿಕರು," ಎಂದು ಸಾರಿದೆ.

"ಎಲ್ಲಿಗ್ಲಾ ಹೊಂಟವೆ ನನ್ನ ಕಾಯಿಗ್ಳು? ದುಬೈಗಾ?" ಎಂದ ರಂಗಣ್ಣ.

ಪ್ರತಿ ರಾಶಿಯ ತೂಕವನ್ನು ಚಕ್ರದಿಂದ ಅದಕ್ಕಿರುವ ದೂರದಿಂದ ಗುಣಿಸಿದೆ. ಮುಂದಿನ ರಾಶಿ ಅರ್ಧ ಉರಿದರೂ ಮೂತಿ ಏಳಲಾರದೆಂದು ನಿಸ್ಸಂದೇಹವಾಗಿ ಸಾಬೀತುಪಡಿಸಿದೆ. ಕಾವ್ಯಳೂ ಗುಣಾಕಾರ ಪರೀಕ್ಷಿಸಿ ತಲೆಯಾಡಿಸಿದಳು. ನಾನು ಟ್ರೈಲರ್ ಹತ್ತಿ, ಸಭಿಕರೆಲ್ಲರಿಗೂ ಕಾಣುವಂತೆ ಹಿಂದಿನ ತುದಿಯಲ್ಲಿ ನಿಂತೆ.

"ರೀ, ಭಾಷಣನ ಕೆಳಗ್ ನಿಂತ್ಕಂಡೂ ಮಾಡ್ಬೋದಲ್ವಾ?" ಎಂದಳು ಹೆಂಡತಿ ಜಯ.

"ಉನ್ನತ ವಿಚಾರಗಳಿಗೆ ವೇದಿಕೆ ಬೇಕು ಜಯಾ! ರಂಗಣ್ಣ, ಇಂಧನ ಉರಿಯಲಿ!"

ರಂಗಣ್ಣ ಮುಂದಿನಿಂದ ಕಾಯಿ ತೆಗೆದು ತೆಗೆದು ಎಸೆಯತೊಡಗಿದ. ನಾನು ಬಲಗೈ ಎತ್ತಿದೆ. "ಮಾನ್ಯರೇ, ಗಮನಿಸಿ! ಗಣಿತದ ಮಹಿಮೆ ನೋಡಿ! ಮೂತಿ ಕಿಂಚಿತ್ತಾದರೂ ಏಳುತ್ತಿದೆಯೇ?"

ಎದ್ದಿತು.

ಮೂತಿ ಆಕಾಶಕ್ಕೆ, ಬಾಲ ನೆಲಕ್ಕೆ! ಪ್ರಯಾಣಿಕರು ದಡದಡನೆ ಉರುಳಿದರು. ನಾನು ಅವರಿಗಿಂತ ಮುಂಚೆಯೇ ಹೊರಟು ಕಲಗಚ್ಚಿನ ಬಾನಿಯಲ್ಲಿ ಭೂಸ್ಪರ್ಶ ಮಾಡಿದೆ. ಅದನ್ನು ಕುಡಿಯುತ್ತಿದ್ದ ಹಸು ನನ್ನನ್ನು ನೋಡಿ ಮುಖ ತಿರುಗಿಸಿತು!

"ಏಳ್ತು ಕಣ್ಲಾ, ಏಳ್ತು!" ರಂಗಣ್ಣ ಕುಣಿದಾಡಿದ. "ಇನ್ನೊಂದ್ಸಲ ಒಸಿ ತೋರ್ಸ್ಲಾ!"

"ಲೆಕ್ಕ ಸರಿಯಾಗಿತ್ತಲ್ಲ!" ಎಂದು ಬಾನಿಯಿಂದಲೇ ವಾದಿಸಿದೆ.

ನಕ್ಕು ನಕ್ಕು ಕಣ್ಣೀರು ಒರೆಸಿಕೊಳ್ಳುತ್ತಿದ್ದ ಕಾವ್ಯ ಥಟ್ಟನೆ ನಗು ನಿಲ್ಲಿಸಿದಳು. "ಚಿಕ್ಕಪ್ಪ, ಎಲ್ಲಾ ಕಾಯಿ ಸೇರಿಸಿದ್ರಿ. ನಿಮ್ಮನ್ನೇ ಸೇರಿಸ್ಲಿಲ್ಲ!" ಮರುಕ್ಷಣ ಅವಳ ಕಣ್ಣು ಅರಳಿತು. "ಮುಂದಿನ ಭಾರ ಇರೋ ತನಕ ನೀವು ಹಿಂದೆ ನಿಂತ್ರೂ ನಡೀತು. ಅದು ಕರಗ್ತಿದ್ದ ಹಾಗೆ ನೀವು ಗೆದ್ರಿ. ಅಷ್ಟೇ ಅಲ್ವಾ ಇದು!"

ಹಿಂದೆಂದೂ ನನ್ನ ಮಾತಿನಿಂದ ಯಾರ ಮುಖದಲ್ಲೂ ಅಂಥ ಬೆಳಕು ಮೂಡಿದ್ದನ್ನು ನಾನು ಕಂಡಿರಲಿಲ್ಲ. ಇದೂ ಮಾತಿನಿಂದ ಮೂಡಿದ್ದಲ್ಲ.

ಫಲಿತಾಂಶದ ದಿನ ಫೋನ್ ಬಂತು. "ಪಾಸಾದೆ ಚಿಕ್ಕಪ್ಪ! ಅದೇ ಪ್ರಶ್ನೆ ಬಂದಿತ್ತು. ಹಿಂದೆ ಭಾರ ಜಾಸ್ತಿಯಾಗಿತ್ತು. ಅಲ್ಲಿ ನಿಮ್ಮನ್ನೇ ನೆನೆಸಿಕೊಂಡೆ."

ಎದೆಯುಬ್ಬಿಸಿ ಕೇಳಿದೆ. "ಹಾಗಾದರೆ ನನ್ನನ್ನು ಮುಂದಿನ ಸೀಟಿಗೆ ಕರೆದೆಯಾ ಮಗು?"

"ಇಲ್ಲ ಚಿಕ್ಕಪ್ಪ. ಇಳಿಸ್ಬುಟ್ಟೆ!"

ಅಷ್ಟರಲ್ಲಿ ತೋಟದ ಮೇಲೊಂದು ವಿಮಾನ ಹಾದುಹೋಯಿತು. ಅಷ್ಟೊಂದು ಭಾರ, ಅಷ್ಟೊಂದು ಹಗುರ! ಬಾಯಿ ತೆರೆದು ನೋಡುತ್ತಲೇ ನಿಂತೆ. ಸಮಾಜವನ್ನು ಮೇಲೆತ್ತಲು ಇಷ್ಟು ವರ್ಷ ಸಿಕ್ಕ ವೇದಿಕೆಗಳನ್ನೆಲ್ಲ ಹತ್ತಿದವನು ನಾನು. ಕೊನೆಗೂ ಒಂದು ಮೇಲೆದ್ದಿತು, ಕಾವ್ಯಳ ಉತ್ತರಪತ್ರಿಕೆಯಲ್ಲಿ. ನಾನು ಇಳಿದ ಮೇಲೆ!