ಹಿಂದಿನ ಸೀಟಿನಲ್ಲಿ ಮಲಗಿದ ಮಾಮ

ನಮ್ಮ ಮಾಮ ಬೆನ್ನಿನಿಂದ ಕಾರಿನ ಕಾಯಿಲೆ ಕಂಡುಹಿಡಿಯುತ್ತಾರೆ ಎಂದರೆ ನೀವು ನಗುತ್ತೀರಿ. ನಗಿ, ನಾನೂ ನಕ್ಕವಳೇ! ಸೈಕಲ್ಲನ್ನೂ ತಳ್ಳಿಕೊಂಡೇ ಹೋಗುವ ಮನುಷ್ಯ ಕಾರಿಗೆ ವೈದ್ಯರಾದರೆಂದರೆ ನಗದೆ ಇರುವುದಾದರೂ ಹೇಗೆ?

ಮಾಮ ಎಂದರೆ ಅಮ್ಮನ ತಮ್ಮ. ರಾಯದುರ್ಗದ ಜೀನ್ಸ್ ಘಟಕವೊಂದರಲ್ಲಿ ಚೆಕಿಂಗ್ ಕೆಲಸ. ಹೊಲಿದು ಬಂದ ಪ್ಯಾಂಟನ್ನು ತಿರುವಿ ಮುರುವಿ ನೋಡಿ, ನೇತಾಡುವ ದಾರ, ಅಂಟಿದ ಚೂರು, ಏನು ಕಂಡರೂ ಪುಟ್ಟ ಕತ್ತರಿಯಿಂದ ತೆಗೆದುಹಾಕುವುದು. ಕೆಲಸವನ್ನು ಘಟಕದಲ್ಲೇ ಬಿಟ್ಟುಬರುವ ಅಭ್ಯಾಸ ಮಾತ್ರ ಅವರಿಗಿಲ್ಲ. ಒಂದು ಮದುವೆಯಲ್ಲಿ ಮದುಮಗನ ಕಿವಿಯ ಹಿಂದೆ ಇಳಿಬಿದ್ದ ಎಳೆಯನ್ನು ಕತ್ತರಿಸಿದರು ನೋಡಿ, ಬಾಸಿಂಗವೇ ಪುರೋಹಿತರ ತೊಡೆಯ ಮೇಲೆ ಬಿತ್ತು!

"ಹೆಚ್ಚಿಗಿ ದಾರ ಇತ್ರೀ, ನಂದೇನು ತಪ್ಪು?" ಎಂದರು ಮಾಮ.

ನಾನು ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್. ಹಳೆಯ ಕಾರೊಂದನ್ನು ಕೊಂಡಾಗ ಮಾಮನ ಊರ ಬಳಿಯ ನೇಮಕಲ್ಲು ಆಂಜನೇಯನಿಗೆ ತೋರಿಸದೆ ಓಡಿಸುವುದುಂಟೆ? ಮೊದಲು ರಾಯದುರ್ಗಕ್ಕೆ ಒಯ್ದೆ. ಪೂಜೆಗೆ ಮುಂಚೆ ಮಾಮ ತಾವೇ ಕಾರು ತೊಳೆದರು. ಬಕೆಟ್ಟು, ಬ್ರಷ್ಷು, ಜೊತೆಗೆ ಆ ಕತ್ತರಿ! ಗಾಲಿಗಳು ಬೆಳ್ಳಿ ತಟ್ಟೆಯಂತೆ ಹೊಳೆದವು. ಆದರೆ ಪೂಜೆ ಮುಗಿಸಿ ಬೆಂಗಳೂರಿಗೆ ಹಿಂತಿರುಗುವಾಗ, ಹೈವೇಯಲ್ಲಿ ಎಂಬತ್ತು ದಾಟಿದ್ದೇ ತಡ, ಕಾರು ಗಡಗಡ ನಡುಗತೊಡಗಿತು. ಅರವತ್ತಕ್ಕೆ ಇಳಿಸಿದರೆ ಗಪ್‌ಚಿಪ್.

ಬರೀ ನನ್ನ ಓಡಾಟವಾಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮಡಕಶಿರದಲ್ಲಿರುವ ನಮ್ಮಮ್ಮನಿಗೆ ಬೆಂಗಳೂರಿನಲ್ಲಿ ಬೆನ್ನುಮೂಳೆಯ ಆಪರೇಷನ್ ಆಯಿತು. ಇದೇ ಕಾರಿನಲ್ಲಿ ಮಲಗಿಸಿಕೊಂಡು ಮನೆಗೆ ಕರೆತರಬೇಕು. ಸ್ವಲ್ಪವೂ ಅಲುಗಾಡಬಾರದು ಎಂದು ಡಾಕ್ಟರು ಖಡಕ್ಕಾಗಿ ಹೇಳಿದ್ದರು. ಮನೆ ಅಣಿಮಾಡಲು ನಾನು ಕಾರಿನಲ್ಲಿ ಮಡಕಶಿರಕ್ಕೆ ಬಂದಿದ್ದೆ; ಸುದ್ದಿ ಕೇಳಿದ ಮಾಮನೂ ಅಲ್ಲಿಗೇ ಬಂದಿಳಿದರು.

"ಅರವತ್ತರಲ್ಲೇ ನಿಧಾನಕ್ಕೆ ಬಂದ್ರಾಯ್ತು ಬಿಡಿ ಮಾಮ," ಎಂದೆ.

"ಇವತ್ತು ಎಂಬತ್ತಕ್ಕ ನಡುಗೋದು ನಾಳೆ ನಲವತ್ತಕ್ಕ ನಡುಗಿದ್ರ? ನಡಿ, ಹೈವೇಗೆ ಹೋಗಾಮು."

ಶಿರಾ ಹೈವೇಯಲ್ಲಿ ವಿಚಾರಣೆ ಶುರುವಾಯಿತು. ಪಕ್ಕದಲ್ಲಿ ಕೂತು ಸ್ಟೀರಿಂಗಿನ ಮೇಲೆ ಎರಡು ಬೆರಳಿಟ್ಟು ಕಣ್ಣು ಮುಚ್ಚಿದರು. "ಇದು ನಡುಗವಲ್ದು. ಮುಂದಿನ ಗಾಲಿ ಪಾಪ, ಏನೂ ಮಾಡಿಲ್ಲ." ಬ್ರೇಕ್ ಒತ್ತಿಸಿದರು. ನಡುಕ ಹೆಚ್ಚಲಿಲ್ಲ. "ಬ್ರೇಕೂ ಅಲ್ಲ." ಗೇರ್ ತೆಗೆಸಿ ಕಾರು ತಾನಾಗಿ ಹರಿಯಲು ಬಿಡಿಸಿದರು. ಆಗಲೂ ನಡುಕ ಹಾಗೇ ಇತ್ತು. "ಇಂಜಿನ್ನೂ ಅಲ್ಲ, ಬಿಡು." ಮೂವರೂ ಖುಲಾಸೆ! ನನಗೆ ನಗು ಹೋಗಿ ಬೆರಗು ಹತ್ತಿತ್ತು. ಇದನ್ನೆಲ್ಲ ಇವರಿಗೆ ಕಲಿಸಿದವರಾರು?

"ಹೊಲಿಗಿ ಮಿಷಿನ್ನೂ ಹಿಂಗ ಅಲ್ಲೇನವ್ವಾ? ಮೆಲ್ಲಕ ತುಳಿದ್ರ ಎಲ್ಲಾ ಮಿಷಿನ್ನೂ ಸಾಧು. ಜೋರಾಗಿ ಬಿಟ್ಟಾಗ್ಲೇ ಅದರ ಗುಣ ತಿಳಿಯೋದು."

ಆಮೇಲೆ ಕಾರು ನಿಲ್ಲಿಸಲು ಹೇಳಿ, ಅಂಗಿ ಬಿಚ್ಚಿ, ಬರಿಮೈಯಲ್ಲಿ ಹಿಂದಿನ ಸೀಟಿನ ಮೇಲೆ ಅಂಗಾತ ಮಲಗಿಬಿಟ್ಟರು!

"ಇದೇನು ಮಾಮ?"

"ಅಕ್ಕ ಮಲಗೋದು ಇಲ್ಲೇ ಅಲ್ಲ? ಅಕಿ ಬೆನ್ನಿಗೆ ಏನು ಬಡೀತದ ಅಂತ ನನ್ನ ಬೆನ್ನಿಗೆ ಗೊತ್ತಾಗಬೇಕು."

ಟೋಲ್ ಗೇಟಿನ ಹುಡುಗಿ ಇಣುಕಿ ನೋಡಿ ಗಾಬರಿಯಾದಳು. "ಪೇಷೆಂಟಾ ಮೇಡಂ?"

"ಅಲ್ರೀ, ಡಾಕ್ಟ್ರು!" ಎಂದಿತು ಮಲಗಿದ ದನಿ.

ಗೇಟು ದಾಟಿ ಮತ್ತೆ ಎಂಬತ್ತಕ್ಕೆ ಏರಿಸಿದೆ. ಸ್ವಲ್ಪ ದೂರದಲ್ಲೇ ತೀರ್ಪು ಬಂತು. "ಹಿಂದಿಂದು, ಎಡಗಡಿ ಗಾಲಿ!"

ಶಿರಾದ ಟೈರ್ ಅಂಗಡಿಯವರು ಆ ಗಾಲಿ ಬಿಚ್ಚಿ, ಮೆಷಿನ್ನಿಗೆ ಹಾಕಿ ತಿರುಗಿಸಿದರು. ಮಾಮ ಹೇಳಿದ್ದು ಅಕ್ಷರಶಃ ನಿಜ! "ಗಾಲಿ ತೂಕ ಸಮ ಆಗ್ಲಿ ಅಂತ ಸೀಸದ ಬಿಲ್ಲೆ ಹಾಕಿರ್ತೀವಿ. ಇದ್ರಾಗೆ ಒಂದೂ ಇಲ್ವಲ್ಲ! ಯಾರ್ ಕಣ್ರೀ ಕಿತ್ತಾಕಿದ್ದು?"

ಮಾಮ ನಿಧಾನವಾಗಿ ತಮ್ಮ ಕೈಚೀಲದೊಳಗೆ ಕೈ ಹಾಕಿದರು. ಕತ್ತರಿಯ ಜೊತೆಗೆ ಹೊರಬಂದವು, ಸೀಸದ ಬಿಲ್ಲೆಗಳು!

"ಏನೋ ಚೂರು ಅಂಟಿದಾವ ಅಂತ ತೊಳೆಯೋವಾಗ ಕಿತ್ತಿದ್ನವ್ವಾ. ಬಟ್ಟಿ ಹಾರದಂಗ ಮ್ಯಾಲಿಡಾಕ ಚಲೋ ಇದ್ವು..."

ಉಳಿದ ಗಾಲಿಗಳ ಬಿಲ್ಲೆಗಳು ರಿಮ್ಮಿನ ಒಳಮೈಗೆ ಅಂಟಿಕೊಂಡಿದ್ದರಿಂದ ಮಾಮನ ಕಣ್ತಪ್ಪಿಸಿ ಬದುಕಿಕೊಂಡಿದ್ದವು. ಕಳ್ಳನನ್ನು ಹುಡುಕುತ್ತ ಹೋಗಿ ಕೊನೆಗೆ ತನ್ನನ್ನೇ ಹಿಡಿದುಕೊಟ್ಟ ಇಂಥ ಪತ್ತೇದಾರ ಎಲ್ಲಾದರೂ ಉಂಟೇ? ಬೈಯೋಣವೆಂದುಕೊಂಡೆ. ಆದರೆ ಸೀಟಿನ ಗೆರೆಗಳು ಮೂಡಿ ಕೆಂಪಾಗಿದ್ದ ಅವರ ಬೆನ್ನು ನೆನಪಾಗಿ, ಬಿಲ್ಲೆಗಳನ್ನು ಮತ್ತೆ ಕೂರಿಸಲು ಅಂಗಡಿಯವರ ಕೈಗಿತ್ತೆ.

ಅಮ್ಮನನ್ನು ಕರೆತಂದ ದಿನ ಮಾಮ ಮುಂದೆ ಕೂರಲಿಲ್ಲ. ಸೀಟುಗಳ ಸಂದಿಯಲ್ಲಿ ಮುದುರಿ ಕೂತು, ಪಕ್ಕಕ್ಕೆ ತಿರುಗಿ ಮಲಗಿದ್ದ ಅಮ್ಮನ ಬೆನ್ನಿಗೆ ಅಂಗೈ ಆನಿಸಿ ಹಿಡಿದಿದ್ದರು. ಕಾರು ಎಂಬತ್ತು ಮುಟ್ಟಿತು, ದಾಟಿತು. ಸ್ಟೀರಿಂಗ್ ಹಿಡಿದ ನನಗೆ ಒಂದಿಷ್ಟೂ ನಡುಕ ತಿಳಿಯಲಿಲ್ಲ. ಆದರೆ ಮಾಮನಿಗೆ ನಂಬಿಕೆ ಬರಲಿಲ್ಲ.

"ಅಕ್ಕಾ, ಗಾಲಿ ಇನ್ನಾ ನಡುಗ್ತದಲ್ಲ?"

ಅಮ್ಮ ಕಣ್ಣು ತೆರೆಯದೆ ಹೇಳಿದಳು: "ಗಾಲಿ ಎಲ್ಲಿ ನಡುಗ್ತದೋ ತಮ್ಮಾ? ನಡುಗೋದು ನಿನ್ನ ಕೈ. ತೆಗೀಬ್ಯಾಡ, ಹಂಗ ಇಟ್ಟಿರು."