ಶೀರ್ಷಿಕೆ ಸಾಲಿನ ಸುತ್ತೋಲೆ

೧೯೮೮ರ ಆಗಸ್ಟ್ ತಿಂಗಳಲ್ಲಿ ನವಲಗುಂದದ ಬೀಜಚೀಟಿ ಕಚೇರಿಗೆ ಗಣಕಯಂತ್ರ ಬಂದಿತೆಂಬುದೂ, ಅದರೆದುರು ತೆಂಗಿನಕಾಯಿ ಒಡೆಯಲಾಯಿತೆಂಬುದೂ ದಾಖಲೆಯಲ್ಲಿದೆ. ಅದನ್ನು ನಡೆಸುವುದು ಕಾರಕೂನ ವೆಂಕಣ್ಣನಿಗೆ ಮಾತ್ರ ಗೊತ್ತಿತ್ತು. ಅವನು ಧಾರವಾಡದಲ್ಲಿ ಮೂರು ದಿನ ತರಬೇತಿ ಪಡೆದು, ಎರಡು ದಿನದ್ದನ್ನು ಮರೆತು ಬಂದಿದ್ದ.

ಪರದೆಯ ನೆತ್ತಿಯ ಮೇಲೆ ಒಂದು ಶೀರ್ಷಿಕೆ ಸಾಲು. ಯಾರ ಕೆಲಸ ನಡೆದಿದೆಯೋ ಅವರ ಹೆಸರು ಅಲ್ಲಿ ತಾನಾಗಿ ಮೂಡುತ್ತಿತ್ತು. ರೈತರು ಗೋದಾಮಿನಲ್ಲಿ ತೋರಿಸಿ ಬೀಜ ಪಡೆಯುವ ಚೀಟಿಯ ಮೇಲೆ ಅಚ್ಚಾಗುತ್ತಿದ್ದುದೂ ಅದೇ ಹೆಸರು.

ಮೊದಲು ಬಂದವಳು ತಿರ್ಲಾಪುರದ ರೇವವ್ವ. ಮಳೆಯಾಗಿ ಎರೆಹೊಲ ಹದಕ್ಕೆ ಬಂದಿತ್ತು. ವಾರದೊಳಗೆ ಹತ್ತಿ ಬಿತ್ತದಿದ್ದರೆ ಆ ವರ್ಷ ಕೈಬಿಟ್ಟಂತೆಯೇ. ವೆಂಕಣ್ಣ ಅವಳ ಹೆಸರು ಒತ್ತುವುದಕ್ಕೂ ಸಾಹೇಬ ಶಂಭುಲಿಂಗಪ್ಪನವರು ಬರುವುದಕ್ಕೂ ಸರಿಹೋಯಿತು.

"ಏನಿದು ವೆಂಕಣ್ಣ? ನನ್ನ ಆಫೀಸಿನ ಬೋರ್ಡಿನ ಮ್ಯಾಲೆ ರೇವವ್ವನ ಹೆಸರು?"

"ಬೋರ್ಡ್ ಅಲ್ರಿ ಸಾಹೇಬ್ರ. ಅದು ಕೆಲಸಕ್ಕ ತಕ್ಕಂಗ ಬದಲಾಗ್ತದರಿ."

"ಬಾಗಲದ ಮ್ಯಾಲಿನ ಬೋರ್ಡ್ ಬಂದವರಿಗೆ ತಕ್ಕಂಗ ಬದಲಾಗ್ತೈತೇನು?"

ಇದಕ್ಕೆ ತರಬೇತಿಯಲ್ಲಿ ಉತ್ತರ ಕೊಟ್ಟಿರಲಿಲ್ಲ. ಸಂಜೆಯೊಳಗೆ ಸುತ್ತೋಲೆ ಹೊರಟಿತು:

"ಶೀರ್ಷಿಕೆ ಸಾಲನ್ನು ಕಚೇರಿಯ ನಾಮಫಲಕವೆಂದು ಪರಿಗಣಿಸತಕ್ಕದ್ದು. ಅಲ್ಲಿ ಮುಖ್ಯಾಧಿಕಾರಿಗಳ ಹೆಸರು ಸ್ಥಿರವಾಗಿರತಕ್ಕದ್ದು. ಯಂತ್ರವು ಸ್ವಂತ ಬುದ್ಧಿಯನ್ನು ಉಪಯೋಗಿಸತಕ್ಕದ್ದಲ್ಲ."

ವೆಂಕಣ್ಣ ಯಂತ್ರಕ್ಕೆ ಹಾಗೆಯೇ ತಾಕೀತು ಮಾಡಿದ. ಎರಡು ದಿನಗಳಲ್ಲಿ ಮುನ್ನೂರ ಹನ್ನೆರಡು ಚೀಟಿಗಳು ಅಚ್ಚಾದವು. ಎಲ್ಲವೂ ಶಂಭುಲಿಂಗಪ್ಪ ಎಂಬವರ ಹೆಸರಿಗೆ.

ಮೂರನೆಯ ದಿನ ರೇವವ್ವ ಬೀಜವಿಲ್ಲದೆ ತಿರುಗಿ ಬಂದಳು. ಗೋದಾಮಿನ ಮಡಿವಾಳೆಪ್ಪ, ಚೀಟಿಯಲ್ಲಿದ್ದವರು ಬಂದರಷ್ಟೇ ಬೀಜ ಎಂದಿದ್ದ.

"ನನ್ನ ಹೆಸರು ಹಾಕಾಕ ಬರಂಗಿಲ್ಲೇನ್ರಿ?"

"ಬರ್ತದವ್ವಾ. ಸುತ್ತೋಲಿ ಬಿಡೂದಿಲ್ಲ," ಎಂದ ವೆಂಕಣ್ಣ. ಅವಳ ಖಾಲಿ ಚೀಲ ನೋಡಿ ಅವನಿಗೆ ನಿಜಕ್ಕೂ ಸಂಕಟವಾಯಿತು.

ರೇವವ್ವ ಯಂತ್ರದತ್ತ ಕೈಮಾಡಿದಳು. "ಪೆಟಿಗಿ ಬದಲಾಗಂಗಿಲ್ಲಂದ್ರ ನನ್ನನ್ನ ಬದಲ ಮಾಡ್ರಿ. ಹೊಲ ಆರಾಕತ್ತೈತಿ."

ಸುತ್ತೋಲೆಯಲ್ಲಿ ಇದಕ್ಕೆ ಅಡ್ಡಿಯಿರಲಿಲ್ಲ. ವೆಂಕಣ್ಣ ಹೊಸ ರಜಿಸ್ಟರ್ ತೆರೆದು, ರೇವವ್ವನನ್ನು ಒಂದನೆಯ ಶಂಭುಲಿಂಗಪ್ಪ ಎಂದು ನಮೂದಿಸಿದ. ಮರುದಿನ ಉಳಿದವರೂ ಬಂದು ಶಂಭುಲಿಂಗಪ್ಪರಾದರು. ಬೀಜ ಸಿಕ್ಕಿತು, ಬಿತ್ತನೆ ಮುಗಿಯಿತು. ತಾಲೂಕು ತಮ್ಮ ಮೇಲಿಟ್ಟ ಅಭಿಮಾನ ಕಂಡು ಸಾಹೇಬರ ಕಣ್ಣುಗಳು ತೇವವಾದವು.

ಹತ್ತಿ ಬಿಡಿಸುವ ಕಾಲಕ್ಕೆ ಮೇಲಿನಿಂದ ಆದೇಶ ಬಂತು: "ಶಂಭುಲಿಂಗಪ್ಪ ಇವರಿಗೆ ಬಡ್ತಿ ನೀಡಿ ಧಾರವಾಡಕ್ಕೆ ನೇಮಿಸಲಾಗಿದೆ."

ವೆಂಕಣ್ಣ ಜ್ಯೇಷ್ಠತೆಯ ಪ್ರಕಾರ ರಜಿಸ್ಟರ್ ನೋಡಿದ. ಮೊದಲನೆಯವಳು ರೇವವ್ವ; ಸಾಹೇಬರು ಅದರಲ್ಲಿ ಸೇರಿರಲೇ ಇಲ್ಲ. ಮಾನವೀಯತೆಯಿಂದ ಅವರನ್ನು ಮುನ್ನೂರ ಹದಿಮೂರನೆಯವರಾಗಿ ಸೇರಿಸಿ, ಆದೇಶವನ್ನು ತಿರ್ಲಾಪುರದ ಹೊಲಕ್ಕೆ ಒಯ್ದ.

"ಹತ್ತಿ ಬಿಡಿಸೂದು ಮುಗೀಲಿ, ಆಮ್ಯಾಲ ಹಾಜರಾಕ್ಕೇನಿ ಅಂತ ಬರಕೋರಿ," ಎಂದಳು ರೇವವ್ವ. ವೆಂಕಣ್ಣ ಬರೆದುಕೊಂಡ.

ಸಾಹೇಬರು ಈಗ ದಿನಾ ಕಚೇರಿಯ ಬಾಗಿಲಾಚೆ ಬಡ್ತಿಗಾಗಿ ತಮ್ಮ ಮುನ್ನೂರ ಹದಿಮೂರನೆಯ ಸರದಿ ಕಾಯುತ್ತ ನಿಲ್ಲುತ್ತಾರೆ. ಆಗಾಗ ಒಳಗೆ ಇಣುಕಿ, ಪರದೆಯ ಮೇಲೆ ಹೆಸರು ಬದಲಾಗಿಲ್ಲವೆಂದು ಖಾತ್ರಿ ಮಾಡಿಕೊಂಡು ಸಮಾಧಾನಪಡುತ್ತಾರೆ.